ವೀಸಾ ಕೇಳದ ಭಾಷೆಯನ್ನು ಕೆಲಸ ಕೇಳುತ್ತದೆ

ಮಕ್ಕಳು ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ (ಎ1, ಎ2 ಆದ ಮೇಲಿನ ಮೆಟ್ಟಿಲು) ಮುಟ್ಟುವವರೆಗೆ ಜರ್ಮನಿಗೆಂದು ತೋಟದ ಪಹಣಿ ಅಡವಿಡಬೇಡಿ ಎಂದು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ತಂದೆತಾಯಿಗಳಿಗೆ ನಾನು ಹೇಳುತ್ತ ಬಂದಿದ್ದೇನೆ. ಅದಕ್ಕೆ ಜೋರಾಗಿಯೇ ವಿರೋಧ ಬಂದಿದೆ. ಕನ್ಸಲ್ಟೆನ್ಸಿ ನಡೆಸುವವರು, ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗರು, ಈಗಾಗಲೇ ಮಗನನ್ನು ಕಳಿಸಿರುವ ಅಪ್ಪಂದಿರು, ಕನ್ನಡದ ಕೆಲಸ ಮಾಡುವ ಗೆಳೆಯರು, ಹೀಗೆ ಬೇರೆ ಬೇರೆ ಕಡೆಯಿಂದ ಬಂದ ಮಾತುಗಳಿವೆ. ಪಾಠ ಹೇಳಿ ಬದುಕಿದವನು ನಾನು. ಎತ್ತಿದ ಪ್ರಶ್ನೆಗೆ ಉತ್ತರ ಕೊಡದೆ ತರಗತಿಯಿಂದ ಹೊರಗೆ ಹೋಗುವ ಅಭ್ಯಾಸ ನನಗಿಲ್ಲ.

ಮೊದಲನೆಯ ಮಾತು ಕಾನೂನಿನದು. "ಮೇಷ್ಟ್ರೇ, ಬ್ಲೂ ಕಾರ್ಡಿಗೆ ಜರ್ಮನ್ ಬೇಕು ಅಂತ ಎಲ್ಲೂ ಬರ್ದಿಲ್ಲ. ಇಲ್ಲದ ಕಾನೂನು ನೀವ್ಯಾಕೆ ಮಾಡ್ತೀರಿ?" ಎಂದು ಒಬ್ಬರು ಕೇಳಿದರು. ಕುಶಲ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿಯಾದ ಬ್ಲೂ ಕಾರ್ಡಿಗೆ ಹಾಗೆ ಬರೆದಿಲ್ಲ, ಒಪ್ಪುತ್ತೇನೆ. 2023ರ ನವೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿಗಳು ಇನ್ನಷ್ಟು ಸಡಿಲ ಮಾಡಿವೆ. ಐಟಿ ಕ್ಷೇತ್ರದಲ್ಲಿ ಕಳೆದ ಏಳು ವರ್ಷದಲ್ಲಿ ಮೂರು ವರ್ಷದ ಅನುಭವ ಇದ್ದವರಿಗೆ ಪದವಿಯೇ ಇಲ್ಲದೆಯೂ ಬ್ಲೂ ಕಾರ್ಡ್ ಸಿಗಬಹುದು. 2024ರ ಜೂನ್ 1ರಿಂದ ಬಂದ ಆಪರ್ಚುನಿಟಿ ಕಾರ್ಡಿನಲ್ಲಿ ಕೆಲಸ ಸಿಗುವ ಮೊದಲೇ ಹೋಗಿ ಒಂದು ವರ್ಷ ಹುಡುಕಬಹುದು. ಅಂಕದ ಲೆಕ್ಕದಲ್ಲಿ ಹೋಗುವವರಿಗೂ ಜರ್ಮನ್ ಎ1 ಇಲ್ಲದಿದ್ದರೆ ಇಂಗ್ಲಿಷ್ ಬಿ2 ಸಾಕು. ಇಷ್ಟು ಓದಿ ನಿಲ್ಲಿಸಿದರೆ ನನ್ನ ಮಾತು ತಪ್ಪೆಂದೇ ಕಾಣುತ್ತದೆ.

ಆದರೆ ಅದೇ ಕಾನೂನನ್ನು ಮುಂದಕ್ಕೆ ಓದಬೇಕು. ಬ್ಲೂ ಕಾರ್ಡ್ ಸಿಗುವುದು ಕೆಲಸದ ಕರಾರು ಕೈಗೆ ಬಂದ ಮೇಲೆ, ಅದೂ ಕಾನೂನು ಗೊತ್ತುಮಾಡಿದ ಸಂಬಳಕ್ಕೆ ಕಡಿಮೆಯಿಲ್ಲದಂತೆ. 2025ರಲ್ಲಿ ಆ ಮಿತಿ ವರ್ಷಕ್ಕೆ 48,300 ಯೂರೋ ಇತ್ತು. ಕೊರತೆ ಇರುವ ವೃತ್ತಿಗಳಿಗೆ, ಹೊಸದಾಗಿ ಪದವಿ ಪಡೆದವರಿಗೆ ಇನ್ನೂ ನಾಲ್ಕೂವರೆ ಸಾವಿರ ಕಡಿಮೆ. ಆ ಕರಾರು ಕೊಡುವವನು ವೀಸಾ ಅಧಿಕಾರಿಯಲ್ಲ, ಕಾರ್ಖಾನೆಯ ಮಾಲೀಕ. ಇನ್ನು ಆಪರ್ಚುನಿಟಿ ಕಾರ್ಡಿಗೆ ಆರು ಅಂಕ ಬೇಕು. ಜರ್ಮನ್ ಬಿ2ಗೆ ಮೂರು ಅಂಕ, ಬಿ1ಗೆ ಎರಡು, ಎ2ಗೆ ಒಂದು. ಇಂಗ್ಲಿಷಿನಲ್ಲಿ ಸಿ1 ಮಟ್ಟದ ಪಾಂಡಿತ್ಯ ಇದ್ದರೂ ಒಂದೇ ಅಂಕ. ಬ್ಲೂ ಕಾರ್ಡಿನವರು ಬಿ1 ಕಲಿತಿದ್ದರೆ 21 ತಿಂಗಳಿಗೆ ಕಾಯಂ ವಾಸದ ಹಕ್ಕು ಕೇಳಬಹುದು, ಎ1 ಮಾತ್ರ ಇದ್ದರೆ 27 ತಿಂಗಳು ಕಾಯಬೇಕು. ಜರ್ಮನ್ ಬೇಡ ಎನ್ನುವವರು ಯಾವ ಕಾನೂನನ್ನು ತೋರಿಸುತ್ತಾರೋ ಅದೇ ಕಾನೂನು ಪ್ರತಿ ಮೆಟ್ಟಿಲಿನಲ್ಲೂ ಜರ್ಮನ್ ಬಲ್ಲವನನ್ನು ಮುಂದಕ್ಕೆ ಬಿಡುತ್ತಿದೆ. ಆಪರ್ಚುನಿಟಿ ಕಾರ್ಡಿನ ಮೇಲೆ ಹೋಗುವವನು ಖಾತೆಯಲ್ಲಿ ತಿಂಗಳಿಗೆ ಸಾವಿರ ಯೂರೋಗೂ ಮಿಕ್ಕಿ ತೋರಿಸಬೇಕು, ವರ್ಷಕ್ಕೆ ಹದಿಮೂರು ಲಕ್ಷ ರೂಪಾಯಿಯ ಆಸುಪಾಸು. ಗುಬ್ಬಿಯ ಸಾಧಾರಣ ಅಡಿಕೆ ಬೆಳೆಗಾರನ ಮನೆಯಲ್ಲಿ ಅಷ್ಟು ಹಣ ಸಾಲವಾಗಿಯೇ ಬರುತ್ತದೆ.

ಇದರ ಜೊತೆಗೇ ತೊಂಬತ್ತು ಸಾವಿರ ವೀಸಾದ ಮಾತನ್ನೂ ಎತ್ತುತ್ತಾರೆ. 2024ರ ಅಕ್ಟೋಬರಿನಲ್ಲಿ ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಜ್ ದೆಹಲಿಗೆ ಬಂದಾಗ, ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವ ಮಾತಾಯಿತು. ಇಷ್ಟು ಜನಕ್ಕೆ ವೀಸಾ ಕೊಡಲು ನಾವು ತಯಾರಿದ್ದೇವೆ ಎಂಬುದು ಅದರ ಅರ್ಥ. ಇಷ್ಟು ಕೆಲಸ ಇಂಗ್ಲಿಷಿನಲ್ಲಿ ಖಾಲಿ ಬಿದ್ದಿವೆ ಎಂದು ಆ ಸರ್ಕಾರ ಎಲ್ಲೂ ಹೇಳಿಲ್ಲ. ಹಾಗೆ ಹೇಳುತ್ತಿರುವುದು ತುಮಕೂರಿನ ಬಿ.ಎಚ್. ರಸ್ತೆಯ ಫ್ಲೆಕ್ಸುಗಳು.

ಎರಡನೆಯ ಮಾತು ಕಣ್ಣೆದುರಿನ ಉದಾಹರಣೆಯದು. "ನಮ್ಮ ಅಣ್ಣನ ಮಗ ಬರ್ಲಿನ್ನಲ್ಲಿ ನಾಲ್ಕು ವರ್ಷದಿಂದ ಇದ್ದಾನೆ ಸಾರ್, ಆಫೀಸಲ್ಲಿ ಎಲ್ಲಾ ಇಂಗ್ಲಿಷೇ." ಇದು ಸುಳ್ಳಲ್ಲ. ಬರ್ಲಿನ್, ಮ್ಯೂನಿಕ್‌ನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಗ್ಲಿಷಿನಲ್ಲೇ ದಿನ ಕಳೆಯುವ ಕನ್ನಡಿಗರು ಖಂಡಿತ ಇದ್ದಾರೆ. ಆದರೆ ಅಂಥವರು ಹೋದ ದಾರಿ ಯಾವುದೆಂದು ವಿಚಾರಿಸಿ ನೋಡಿ. ನಾನು ವಿಚಾರಿಸಿದ ಬಹುಪಾಲು ಮಂದಿ ಬೆಂಗಳೂರಿನಲ್ಲಿ ಐದಾರು ವರ್ಷ ಕೆಲಸ ಮಾಡಿ ಪಳಗಿದವರು. ಬೆಂಗಳೂರಿನಲ್ಲಿ ಬಾಷ್ 1950ರ ದಶಕದಿಂದ ಇದೆ, ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರ 1996ರಿಂದ, ಸ್ಯಾಪ್ ಲ್ಯಾಬ್ಸ್ 1998ರಿಂದ. ಇಂಥ ಕಡೆ ದುಡಿದವನನ್ನು ಕಂಪನಿಯೇ ಅಲ್ಲಿಗೆ ಕರೆಸಿಕೊಳ್ಳುತ್ತದೆ, ಇಲ್ಲವೇ ಅವನ ಅನುಭವ ನೋಡಿ ಇನ್ನೊಂದು ಕಂಪನಿ ಕರೆಯುತ್ತದೆ. ಅವನ ಬಗ್ಗೆ ನನಗೇನೂ ತಕರಾರಿಲ್ಲ. ನನ್ನ ಮಾತು ಅವನಿಗೆ ಅನ್ವಯಿಸುವುದೂ ಇಲ್ಲ.

ನನ್ನ ಮಾತು ಅನ್ವಯಿಸುವುದು ಸಿದ್ಧಗಂಗಾ, ಸಿದ್ಧಾರ್ಥ, ಗುಬ್ಬಿಯ ಚನ್ನಬಸವೇಶ್ವರ, ಇಂಥ ಕಾಲೇಜುಗಳಿಂದ ಈ ವರ್ಷ ಹೊರಬರುವ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್ ಹುಡುಗ ಹುಡುಗಿಯರಿಗೆ. ಅವರು ಓದಿದ ವಿದ್ಯೆಗೆ ಜರ್ಮನಿಯಲ್ಲಿ ಬೆಲೆ ಇದೆ. ಆದರೆ ಆ ಕೆಲಸಗಳಲ್ಲಿ ಬಹಳಷ್ಟು ಇರುವುದು ದೊಡ್ಡ ನಗರದ ಗಾಜಿನ ಕಟ್ಟಡಗಳಲ್ಲಿ ಅಲ್ಲ. ಸ್ಟುಟ್‌ಗಾರ್ಟ್ ಸುತ್ತಮುತ್ತ, ವೆಸ್ಟ್‌ಫಾಲಿಯಾ ಕಡೆ, ನಮ್ಮ ಗುಬ್ಬಿ ಕುಣಿಗಲ್ಲಿನಷ್ಟೇ ದೊಡ್ಡ ಊರುಗಳಲ್ಲಿ ಮೂರು ತಲೆಮಾರಿನಿಂದ ಒಂದೇ ಮನೆತನ ನಡೆಸುವ ಕಾರ್ಖಾನೆಗಳಿವೆ. ಪಂಪು, ಗೇರು, ಅಚ್ಚು, ಅಳತೆಯ ಉಪಕರಣ ಮಾಡುವವು. ಅಲ್ಲಿ ಎಂಜಿನಿಯರ್ ಆದವನು ಬೆಳಿಗ್ಗೆ ಲೇತಿನ ಮುಂದೆ ನಿಂತ ಐವತ್ತೈದು ವರ್ಷದ ಕೆಲಸಗಾರನ ಹತ್ತಿರ ಹೋಗಿ ಈ ತುಣುಕು ಯಾಕೆ ಅಳತೆ ಮೀರಿತು ಎಂದು ಕೇಳಬೇಕು, ಅವನು ಹೇಳಿದ್ದು ಅರ್ಥವಾಗಬೇಕು. ಸುರಕ್ಷತೆಯ ತರಬೇತಿ, ಬಿಡಿಭಾಗ ಪೂರೈಸುವವನ ಫೋನು, ಗಿರಾಕಿಯ ದೂರು ಎಲ್ಲವೂ ಜರ್ಮನ್‌ನಲ್ಲೇ. ಸಿವಿಲ್ ಓದಿದವರಿಗೆ ಇನ್ನೂ ಕಷ್ಟ. ಕಟ್ಟಡದ ಪರವಾನಗಿಯ ಕಾಗದದಿಂದ ಹಿಡಿದು ಸೈಟಿನ ಗಾರೆಯವನವರೆಗೆ ಬೇರೆ ಭಾಷೆಯೇ ಇಲ್ಲ.

ಮೇಲಾಗಿ ಈಗಿನ ಕಾಲ ನೋಡಬೇಕು. 2023, 2024 ಎರಡೂ ವರ್ಷ ಜರ್ಮನಿಯ ಆರ್ಥಿಕತೆ ಕುಗ್ಗಿತು. 2030ರೊಳಗೆ 35 ಸಾವಿರಕ್ಕೂ ಹೆಚ್ಚು ಹುದ್ದೆ ಇಳಿಸಲು ಫೋಕ್ಸ್‌ವ್ಯಾಗನ್ 2024ರ ಡಿಸೆಂಬರಿನಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿತು. ವಾಹನದ ಬಿಡಿಭಾಗ ಮಾಡುವ ಜೆಡ್‌ಎಫ್ 14 ಸಾವಿರದವರೆಗೆ ಎಂದಿತು, ಬಾಷ್ 2025ರಲ್ಲಿ ಇನ್ನೂ 13 ಸಾವಿರ ಎಂದಿತು. ಹಾಗೆ ಹೊರಬರುವ ಅನುಭವಿ ಎಂಜಿನಿಯರುಗಳಿಗೆ ಭಾಷೆ ಬರುತ್ತದೆ, ಊರು ಗೊತ್ತು. ಅದೇ ಸಾಲಿನಲ್ಲಿ ನಮ್ಮ ಇಪ್ಪತ್ತಮೂರು ವರ್ಷದ ಹುಡುಗ ಇಂಗ್ಲಿಷ್ ರೆಸ್ಯೂಮೆ ಹಿಡಿದು ನಿಂತಿರುತ್ತಾನೆ.

ಮೂರನೆಯದು ಎಲ್ಲರ ಬಾಯಲ್ಲೂ ಇರುವ ಮಾತು: "ಅಲ್ಲಿ ಹೋದ್ಮೇಲೆ ಕಲೀತಾನೆ ಬಿಡಿ. ನೀರಿಗಿಳಿದ್ರೆ ತಾನೇ ಈಜು ಬರೋದು?" ಕೇಳಲು ಚೆನ್ನಾಗಿದೆ. ಇದನ್ನು ನಂಬಿ ಹೋದವರ ಪಾಡು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಯಾಕೆಂದರೆ ಅತಿ ಹೆಚ್ಚು ಮನೆಗಳು ಸಿಕ್ಕಿಬೀಳುವುದು ಇಲ್ಲೇ.

ಎಂ.ಎಸ್. ಓದಲು ಹೋಗುವ ವಿದ್ಯಾರ್ಥಿ ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು. ಅದು ತಿಂಗಳಿಗೆ 992ರಂತೆ ಅವನಿಗೇ ವಾಪಸು ಬರುತ್ತದೆ, ಒಂದು ವರ್ಷಕ್ಕೆ ಮುಗಿಯುತ್ತದೆ. ಕೋರ್ಸು ಇರುವುದು ಎರಡು ವರ್ಷ, ಸಾಮಾನ್ಯವಾಗಿ ಎರಡೂವರೆಗೆ ಎಳೆಯುತ್ತದೆ. ಎರಡನೇ ವರ್ಷದ ಊಟ ಬಾಡಿಗೆಗೆ ಅವನು ದುಡಿಯಲೇಬೇಕು. ವರ್ಷಕ್ಕೆ 140 ಪೂರ್ತಿ ದಿನ ದುಡಿಯಲು ಕಾನೂನು ಬಿಡುತ್ತದೆ. ಜರ್ಮನ್ ಬಂದಿದ್ದರೆ ತನ್ನ ವಿಷಯದ ಕಂಪನಿಯಲ್ಲೇ ವಿದ್ಯಾರ್ಥಿ ಕೆಲಸಗಾರನಾಗಿ ಸೇರುತ್ತಾನೆ, ಓದು ಮುಗಿದಾಗ ಅದೇ ಕಂಪನಿಯ ಬಾಗಿಲು ತೆರೆದಿರುತ್ತದೆ. ಬಾರದಿದ್ದರೆ ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಪಾರ್ಸೆಲ್ ಎತ್ತುತ್ತಾನೆ, ಸೈಕಲ್ಲಿನಲ್ಲಿ ಊಟ ಹಂಚುತ್ತಾನೆ. ಕೆಲಸ ಯಾವುದಾದರೂ ಅದರಲ್ಲಿ ಕೀಳೆನ್ನುವುದಿಲ್ಲ. ಆದರೆ ಹಗಲು ಇಂಗ್ಲಿಷಿನಲ್ಲಿ ಪಾಠ, ರಾತ್ರಿ ಮಾತೇ ಬೇಡದ ದುಡಿಮೆ, ರೂಮಿಗೆ ಬಂದರೆ ನಮ್ಮವರದೇ ಕನ್ನಡ, ತೆಲುಗು, ಹಿಂದಿ. ಜರ್ಮನ್ ಕಲಿಯುವ ಹೊತ್ತು ಯಾವುದು? ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಆಗ ಎ1 ಪುಸ್ತಕ ತೆರೆಯುವವನ ಮೇಲೆ ಊರಿನ ಬ್ಯಾಂಕಿನ ಕಂತು ಬಿದ್ದಿರುತ್ತದೆ.

ಬಿ1 ಮುಟ್ಟಲು ನಲವತ್ತೈದು ನಿಮಿಷದ 350ರಿಂದ 650 ಪೀರಿಯಡ್ಡು ಬೇಕು ಎನ್ನುವುದು ಜರ್ಮನ್ ಕಲಿಸುವ ಗ್ಯೊಯೆಟೆ ಇನ್‌ಸ್ಟಿಟ್ಯೂಟಿನ ಅಂದಾಜು. ನಮ್ಮ ಎಂಜಿನಿಯರಿಂಗ್ ಹುಡುಗರು ಐದನೆಯ ಸೆಮಿಸ್ಟರಿನಿಂದ ವಾರಕ್ಕೆ ಆರು ಪೀರಿಯಡ್ಡು ಕೂತರೆ, ಮನೆಯಲ್ಲಿ ಅಷ್ಟೇ ಓದಿಕೊಂಡರೆ, ಪದವಿಯ ಹೊತ್ತಿಗೆ ಆ ಲೆಕ್ಕ ಮುಟ್ಟುತ್ತದೆ. ಅಮ್ಮನ ಕೈ ಊಟ ಉಂಡು, ಬಾಡಿಗೆ ಚಿಂತೆ ಇಲ್ಲದೆ, ಕಲಿಯುವ ಬುದ್ಧಿ ಚುರುಕಾಗಿರುವಾಗ ಮಾಡಬಹುದಾದ ಕೆಲಸ ಇದು. ಇದನ್ನೇ ಅಲ್ಲಿ ಹೋಗಿ ಯೂರೋ ಲೆಕ್ಕದಲ್ಲಿ ಮಾಡುವುದು ಯಾವ ಜಾಣತನ?

ಅಲ್ಲಿ ಹೋದ ಮೇಲೆ ಕಲಿಯಬಹುದು ಎಂಬ ಮಾತಿಗೇ ಒಬ್ಬ ಗೆಳೆಯರು ಕಿಟೆಲ್ ಅವರನ್ನು ತಂದರು. ಜರ್ಮನಿಯ ಫರ್ಡಿನಾಂಡ್ ಕಿಟೆಲ್ ಇಲ್ಲಿಗೆ ಬಂದ ಮೇಲೆ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಡಲಿಲ್ಲವೇ, ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು 1843ರಲ್ಲಿ 'ಮಂಗಳೂರ ಸಮಾಚಾರ' ಹೊರತರಲಿಲ್ಲವೇ ಎಂದು. ತಂದರು, ಆ ಋಣ ನಮ್ಮ ಮೇಲೆ ಇದ್ದೇ ಇದೆ. ಆದರೆ ಅವರ ಹಿಂದೆ ಬಾಸೆಲ್ ಮಿಷನ್ ಇತ್ತು. ಉಳಿಯಲು ಮನೆ, ಕೂತು ಕಲಿಯಲು ವರ್ಷಗಳು, ಕಲಿಸಲು ಪಂಡಿತರು ಎಲ್ಲವನ್ನೂ ಆ ಸಂಸ್ಥೆ ಒದಗಿಸಿತು. ಹದಿನೆಂಟು ತಿಂಗಳಲ್ಲಿ ಕೆಲಸ ಹುಡುಕಿಕೋ, ಇಲ್ಲವಾದರೆ ಹೊರಡು ಎಂದು ಕಿಟೆಲ್‌ಗೆ ಯಾರೂ ಗಡುವು ಹಾಕಿರಲಿಲ್ಲ. ಅವರ ಉದಾಹರಣೆಯಿಂದ ಹೊರಡುವ ತೀರ್ಮಾನ ನನ್ನ ಕಡೆಗೇ ಬರುತ್ತದೆ: ಪರದೇಶದಲ್ಲಿ ಕೆಲಸ ಮಾಡಲು ಬಂದವರು ಆ ಕೆಲಸಕ್ಕಿಂತ ಮೊದಲು ಭಾಷೆಗೆ ಕೂತರು.

ನರ್ಸಿಂಗ್ ವಿಷಯದಲ್ಲಿ ಬಂದ ತಕರಾರು ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು. "ಅಲ್ಲಿ ನರ್ಸ್‌ಗಳೇ ಇಲ್ಲ. ಭಾಷೆ ಗೀಷೆ ಅಂದ್ಕೊಂಡು ಕೂತ್ಕೊಳ್ಳಲ್ಲ, ಹಾಗೇ ಕರ್ಕೊಂಡ್ ಹೋಗ್ತಾರೆ" ಎಂದು ತುಮಕೂರಿನ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಹೇಳುವವರಿದ್ದಾರೆ. ಕೊರತೆ ಇರುವುದು ನಿಜ, ಹಾಗೇ ಕರೆದುಕೊಂಡು ಹೋಗುವುದು ಸುಳ್ಳು. ಅಲ್ಲಿ ನರ್ಸ್ ಎಂದು ನೋಂದಾಯಿಸಿಕೊಳ್ಳಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು, ನಮ್ಮ ಪದವಿಗೆ ಮಾನ್ಯತೆ ಸಿಗಬೇಕು, ಅದಕ್ಕಾಗಿ ಪರೀಕ್ಷೆಯನ್ನೋ ಹೊಂದಾಣಿಕೆಯ ತರಬೇತಿಯನ್ನೋ ಮುಗಿಸಬೇಕು. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಇದನ್ನು ಅನ್ಯಾಯವೆಂದು ನಾನು ಹೇಳಲಾರೆ. ರಾತ್ರಿ ಎರಡು ಗಂಟೆಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಎದೆಯ ಯಾವ ಭಾಗದಲ್ಲಿ ಹೇಗೆ ನೋಯುತ್ತಿದೆ ಎಂದು ಹೇಳಿದಾಗ ನರ್ಸಿಗೆ ಅದು ತಿಳಿಯಲೇಬೇಕು. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಕನ್ನಡ ಬಾರದ ನರ್ಸ್ ಒಬ್ಬಳೇ ಪಾಳಿಯಲ್ಲಿದ್ದರೆ ನಾವು ಸುಮ್ಮನಿರುತ್ತೇವೆಯೇ?

1960ರ ದಶಕದಲ್ಲಿ ಕ್ಯಾಥೊಲಿಕ್ ಸಂಸ್ಥೆಗಳ ಮೂಲಕ ಕೇರಳದ ನೂರಾರು ಹೆಣ್ಣುಮಕ್ಕಳು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. ಹೆಚ್ಚಿನವರು ಸಣ್ಣ ವಯಸ್ಸಿನವರು, ಜರ್ಮನ್ ಕಲಿತೇ ದುಡಿದರು, ಊರಿನ ಮನೆಗಳನ್ನು ಎತ್ತಿ ನಿಲ್ಲಿಸಿದರು. ಎಪ್ಪತ್ತರ ದಶಕದ ಕೊನೆಯಲ್ಲಿ ಆ ದೇಶದ ನೀತಿ ಬಿಗಿಯಾದಾಗ ಅವರಲ್ಲೂ ಹಲವರು ವಾಪಸು ಬರಬೇಕಾಯಿತು. ಕೇರಳ ಸರ್ಕಾರ ಈ ಅನುಭವದಿಂದ ಪಾಠ ಕಲಿತಿದೆ. ಹೊರದೇಶಕ್ಕೆ ಹೋಗುವವರ ವಿಷಯ ನೋಡಿಕೊಳ್ಳುವ ಅಲ್ಲಿನ ನೋರ್ಕಾ ಸಂಸ್ಥೆ ಜರ್ಮನಿಯ ಸರ್ಕಾರಿ ಸಂಸ್ಥೆಗಳ ಜೊತೆ ನಡೆಸುವ 'ಟ್ರಿಪಲ್ ವಿನ್' ಯೋಜನೆಯಲ್ಲಿ ಆಯ್ಕೆಯಾದ ನರ್ಸುಗಳಿಗೆ ಊರಲ್ಲೇ ಬಿ1ವರೆಗೆ ಉಚಿತವಾಗಿ ಕಲಿಸಿ, ಆಮೇಲೆ ವಿಮಾನ ಹತ್ತಿಸುತ್ತಾರೆ. ಕೊರತೆ ಜರ್ಮನಿಯದು, ಆದ್ದರಿಂದ ಕಲಿಸುವ ಖರ್ಚೂ ಅದರದೇ. ಹೀಗಿರುವಾಗ ತುಮಕೂರಿನ ಹುಡುಗಿಯಿಂದ ನಾಲ್ಕೈದು ಲಕ್ಷ ಕೇಳುವ ಏಜೆಂಟ್ ಯಾವ ಲೆಕ್ಕದಲ್ಲಿ ಕೇಳುತ್ತಾನೆ? 1983ರ ವಲಸೆ ಕಾಯ್ದೆಯ ಕೆಳಗೆ ಪರವಾನಗಿ ಪಡೆದ ಏಜೆಂಟ್ ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ಹೆಸರು, ಪರವಾನಗಿ ಸಂಖ್ಯೆ ಇದೆಯೇ ನೋಡಿ. ಇಲ್ಲವಾದರೆ ಎದ್ದು ಬನ್ನಿ.

ಫೋನೇ ಅನುವಾದ ಮಾಡುತ್ತದಲ್ಲ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಹಾಲು ಕೊಳ್ಳಲು ಫೋನು ಸಾಕು. ಸಂದರ್ಶನದಲ್ಲಿ ನಾಲ್ಕು ಜನರೆದುರು ಕೂತವನು ಜೇಬಿನಿಂದ ಫೋನು ತೆಗೆಯಲಾರ, ಶಬ್ದ ತುಂಬಿದ ಕಾರ್ಖಾನೆಯಲ್ಲಿ "ಕೈ ತೆಗಿ!" ಎಂದು ಯಾರಾದರೂ ಕೂಗಿದಾಗಲೂ ತೆಗೆಯಲಾರ.

ಕನ್ನಡದ ಗೆಳೆಯರು ಎತ್ತಿದ ಆಕ್ಷೇಪಕ್ಕೆ ಗೌರವದಿಂದ ಉತ್ತರಿಸುತ್ತೇನೆ. ಸರ್ಕಾರಿ ಶಾಲೆಗಳು ಮುಚ್ಚುತ್ತಿವೆ, ಮಕ್ಕಳಿಗೆ ಕನ್ನಡವೇ ನೆಟ್ಟಗೆ ಬರುತ್ತಿಲ್ಲ, ಈ ಹೊತ್ತಿನಲ್ಲಿ ಜರ್ಮನ್ ಕಲಿಸಿ ಎನ್ನುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಅವರ ನೋವು ನನ್ನದೂ ಹೌದು. ಆದರೆ ಒಂದು ವಿಷಯ ಅವರ ಗಮನಕ್ಕೆ ಬಂದಿರಲಾರದು. ಜರ್ಮನ್ ಕಲಿಯುವಾಗ ಇಂಗ್ಲಿಷ್ ಒಂದನ್ನೇ ನಂಬಿದ ಮಕ್ಕಳು ಎಡವುವ ಜಾಗಗಳಲ್ಲಿ ಕನ್ನಡ ಗಟ್ಟಿಯಾಗಿರುವ ಮಕ್ಕಳು ಎಡವುವುದಿಲ್ಲ. ನಾಮಪದದ ವಿಭಕ್ತಿ ಬದಲಾದರೆ ವಾಕ್ಯದಲ್ಲಿ ಅದರ ಪಾತ್ರ ಬದಲಾಗುತ್ತದೆ ಎನ್ನುವುದನ್ನು ಕನ್ನಡ ವ್ಯಾಕರಣ ಓದಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಎಂದಾಗ ಇಂಗ್ಲಿಷ್ ಮಾಧ್ಯಮದವರು ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಹುಟ್ಟಿನಿಂದ ಮಾತು ಮುಗಿಯುವುದೇ ಕ್ರಿಯಾಪದದಲ್ಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಕಡಬದ ಹುಡುಗಿಗೆ, ಹುಲಿಯೂರುದುರ್ಗದ ಹುಡುಗನಿಗೆ ಜರ್ಮನ್ ಅನ್ನು ಕನ್ನಡದ ಮೂಲಕವೇ ಕಲಿಸುವ ಪುಸ್ತಕ ಬಂದರೆ ಅದು ಕನ್ನಡದ ಕೆಲಸವೂ ಆಗುತ್ತದೆ. ಆ ಪುಸ್ತಕ ಬರೆಯಲು ತುಮಕೂರು ವಿಶ್ವವಿದ್ಯಾಲಯ ಯಾಕೆ ಮುಂದೆ ಬರಬಾರದು?

ಕೊನೆಗೆ, ನನ್ನನ್ನು ನಿಜವಾಗಿಯೂ ಚುಚ್ಚಿದ ಆರೋಪ. "ಬಡವರ ಮಕ್ಕಳು ಮುಂದೆ ಬರೋಕೆ ಒಂದು ದಾರಿ ಕಂಡಿದೆ, ನೀವು ಅಡ್ಡ ಕಲ್ಲು ಹಾಕ್ತಾ ಇದೀರಿ" ಎಂದು ಕುಣಿಗಲ್ ಕಡೆಯ ತಂದೆಯೊಬ್ಬರು ಹೇಳಿದರು. ವಸಂತನರಸಾಪುರದಲ್ಲಿ ಕಾರ್ಖಾನೆ ಬಂದವು, ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ನನ್ನ ಮಗನಿಗೆ ಕೆಲಸ ಎಲ್ಲಿದೆ ತೋರಿಸಿ ಎಂದು ಅವರು ಕೇಳಿದಾಗ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಹೋಗಬೇಡಿ ಎನ್ನುವುದು ನನ್ನ ಮಾತೂ ಅಲ್ಲ.

ಆದರೆ ಯಾವ ದಾರಿ ಬಡವರದು ಎಂದು ಅವರೊಡನೆ ಕೂತು ಮಾತಾಡಬೇಕೆಂದು ನನಗೆ ಆಸೆ. ಜರ್ಮನ್ ಇಲ್ಲದ ದಾರಿಗೆ ಬೇಕಾದದ್ದು ಒಳ್ಳೆಯ ಇಂಗ್ಲಿಷ್, ಎಂಜಿನಿಯರಿಂಗ್ ಪದವಿ, ಹನ್ನೆರಡು ಹದಿಮೂರು ಲಕ್ಷ ನಗದು. ಕೆಲವು ಕನ್ಸಲ್ಟೆನ್ಸಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲದ ದೇಶದಲ್ಲಿ ಲಕ್ಷಗಟ್ಟಲೆ ಶುಲ್ಕದ ಖಾಸಗಿ ಕಾಲೇಜಿಗೆ ಸೇರಿಸುತ್ತವೆ. ಇದು ಉಳ್ಳವರ ದಾರಿ, ಇಲ್ಲದವರು ಸಾಲ ಮಾಡಿ ತುಳಿಯುವ ದಾರಿ. ಜರ್ಮನ್ ಕಲಿತವರಿಗೆ ಇರುವ ಇನ್ನೊಂದು ದಾರಿ ಔಸ್‌ಬಿಲ್ಡುಂಗ್. ಎರಡರಿಂದ ಮೂರೂವರೆ ವರ್ಷದ ವೃತ್ತಿ ತರಬೇತಿ: ವಾರದಲ್ಲಿ ಕೆಲವು ದಿನ ಶಾಲೆ, ಉಳಿದ ದಿನ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸ. ಶುಲ್ಕ ಕಟ್ಟುವ ಮಾತಿಲ್ಲ, ಮೊದಲ ತಿಂಗಳಿನಿಂದಲೇ ಭತ್ಯೆ ಬರುತ್ತದೆ; ಸರ್ಕಾರಿ ಆಸ್ಪತ್ರೆಯ ನರ್ಸಿಂಗ್ ತರಬೇತಿಯಲ್ಲಿ ಅದು ತಿಂಗಳಿಗೆ ಸಾವಿರ ಯೂರೋ ದಾಟುತ್ತದೆ. ಪಿಯುಸಿ, ಡಿಪ್ಲೊಮಾ ಮುಗಿಸಿದವರು ಪ್ರಯತ್ನಿಸಬಹುದು. ಸಾಮಾನ್ಯವಾಗಿ ಕೇಳುವ ಮುಖ್ಯ ಅರ್ಹತೆ ಬಿ1 ಜರ್ಮನ್. ಎರಡು ಎಕರೆ ತೋಟದ ಮನೆಯ ಮಗುವಿಗೆ ಜಮೀನು ಉಳಿಸಿಕೊಂಡು ಹೋಗಬಹುದಾದ ದಾರಿ ಇದು, ಅದರ ಬೀಗದ ಕೈ ಭಾಷೆ. ಬಡವರ ಮಕ್ಕಳಿಗೆ ಜರ್ಮನ್ ಬೇಡ ಎಂದರೆ ಈ ಬಾಗಿಲನ್ನು ಮುಚ್ಚಿದಂತಾಗುತ್ತದೆ.

ಹಾಗಾದರೆ ಕಲಿಸುವವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ, ಅದು ಸರಿಯಾದ ಪ್ರಶ್ನೆ. ಗ್ಯೊಯೆಟೆ ಇನ್‌ಸ್ಟಿಟ್ಯೂಟಿನ ಶಾಖೆಯಾದ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಇರುವುದು ಇಂದಿರಾನಗರದಲ್ಲಿ. ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ರೈಲಿನಲ್ಲಿ ಯಶವಂತಪುರಕ್ಕೆ, ಅಲ್ಲಿಂದ ಇನ್ನೊಂದು ಗಂಟೆ. ದಿನವೂ ಹೋಗಿ ಬರಲು ಯಾರಿಂದಲೂ ಆಗದು. ಪರೀಕ್ಷೆಗೆ ಅಲ್ಲಿಗೆ ಹೋದರೆ ಸಾಕು, ಪಾಠ ಊರಲ್ಲೇ ಆಗಬೇಕು. ಜರ್ಮನಿಯ ನೆರವಿನಿಂದ ಬೆಂಗಳೂರು, ಕಲಬುರಗಿಯಲ್ಲಿ ಕೌಶಲ ತರಬೇತಿ ಸಂಸ್ಥೆಗಳನ್ನು ಕಟ್ಟಿದ ರಾಜ್ಯ ಸರ್ಕಾರಕ್ಕೆ ತುಮಕೂರಿನಲ್ಲಿ ಇಬ್ಬರು ಜರ್ಮನ್ ಶಿಕ್ಷಕರನ್ನು ನೇಮಿಸುವುದು ದೊಡ್ಡ ಹೊರೆಯಲ್ಲ. ಸರ್ಕಾರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲಿನಿಂದ ಹೋಗಿ ಜರ್ಮನ್ ಚೆನ್ನಾಗಿ ಕಲಿತು ಅಲ್ಲೇ ನೆಲೆಸಿದವರಿದ್ದಾರೆ, ಊರಿಗೆ ಏನಾದರೂ ಮಾಡಬೇಕೆಂದು ಫೋನಿನಲ್ಲಿ ಹೇಳುವವರೂ ಇದ್ದಾರೆ. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆಯ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ಶನಿವಾರ ಸಂಜೆ ಆರಕ್ಕೆ ಇಲ್ಲಿ ಮಕ್ಕಳು ಕೂತರೆ ಅಲ್ಲಿ ಇನ್ನೂ ಮಧ್ಯಾಹ್ನ. ಕಾಲೇಜುಗಳು ಒಂದು ಕೊಠಡಿ, ಒಂದು ಪರದೆ, ವಾರದ ದಿನಗಳಲ್ಲಿ ಅಭ್ಯಾಸ ಮಾಡಿಸಲು ಒಬ್ಬ ಶಿಕ್ಷಕನನ್ನು ಕೊಡಲಿ. ಮುಂದಿನ ಐದನೆಯ ಸೆಮಿಸ್ಟರ್ ಆರಂಭವಾಗುವಾಗಲೇ ಮೊದಲ ತಂಡ ಕೂರಬಹುದು. ಕುಣಿಗಲ್ಲಿನ ಆ ತಂದೆಯ ಕಿರಿಯ ಮಗ ಈಗ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾನೆ. ಅವನ ಹೆಸರನ್ನು ಮೊದಲು ಬರೆದುಕೊಳ್ಳಿ ಎಂದು ಕಾಲೇಜಿನವರನ್ನು ನಾನೇ ಹೋಗಿ ಕೇಳುತ್ತೇನೆ.